ಮಳೆಯೂರಿನ ಕಾಲೇಜು ಬೇಡವೆಂಬ ವಾದ

ವರ್ಷದಲ್ಲಿ ನಾಲ್ಕು ತಿಂಗಳು ಮೋಡ ಕವಿದಿರುವ ಊರಿಗೆ ಮಕ್ಕಳನ್ನು ಓದಲು ಕಳಿಸಬಾರದು ಎಂಬ ಅಭಿಪ್ರಾಯ ಕರ್ನಾಟಕದ ಬಯಲುಸೀಮೆಯಲ್ಲಿ ಗಟ್ಟಿಯಾಗಿ ಬೇರೂರಿದೆ. ಸಿಇಟಿ, ಜೆಇಇ ಫಲಿತಾಂಶ ಬಂದು ಕಾಲೇಜುಗಳ ಆಪ್ಷನ್ ಎಂಟ್ರಿ ಶುರುವಾಗುವ ಹೊತ್ತಿಗೆ ಕರಾವಳಿ, ಮಲೆನಾಡುಗಳಲ್ಲಿ ಮುಂಗಾರು ಜೋರು ಹಿಡಿದಿರುತ್ತದೆ. ಟಿ.ವಿ. ಹಾಕಿದರೆ ಕುಸಿದ ಗುಡ್ಡ, ಉಕ್ಕಿದ ಹೊಳೆ, ಜಿಲ್ಲಾಧಿಕಾರಿ ಘೋಷಿಸಿದ ರಜೆ. ಇವನ್ನೇ ನೋಡುತ್ತ ಕುಳಿತು ವಿಜಯಪುರದ, ಬಳ್ಳಾರಿಯ, ಚಿತ್ರದುರ್ಗದ ಮನೆಗಳು ಕಾಲೇಜುಗಳ ಪಟ್ಟಿ ಮಾಡುತ್ತವೆ. ಸುರತ್ಕಲ್, ಮಂಗಳೂರು, ಮಡಿಕೇರಿ, ಶಿರಸಿಗಳ ಹೆಸರು ಬಂದ ಕೂಡಲೇ ಸೋದರಮಾವನೋ, ಪಕ್ಕದ ಮನೆಯವರೋ, ಟ್ಯೂಷನ್ ಮೇಷ್ಟ್ರೋ ಹೇಳುವ ಮಾತು ಒಂದೇ: ಅಲ್ಲಿ ಬರೀ ಮಳೆ, ಹುಡುಗರು ಮಂಕಾಗುತ್ತಾರೆ, ಬೇಡ.

ಈ ಮಾತಿನ ಹಿಂದೆ ಮೂರು ವಾದಗಳಿವೆ. ಬಿಸಿಲಿಲ್ಲದ ಆಕಾಶ ಮನಸ್ಸನ್ನು ಕುಗ್ಗಿಸುತ್ತದೆ ಎಂಬುದು ಒಂದು. ಮಳೆಯ ಜಡತ್ವದಲ್ಲಿ ಓದು ಹತ್ತುವುದಿಲ್ಲ ಎಂಬುದು ಇನ್ನೊಂದು. ಮಳೆಯೂರು ಆರೋಗ್ಯಕ್ಕೂ ಪ್ರಾಣಕ್ಕೂ ಅಪಾಯ ಎಂಬುದು ಮೂರನೆಯದು. ಮೊದಲೆರಡು ವಾದಗಳಿಗೆ ಆಧಾರವಿಲ್ಲ. ಮೂರನೆಯದರಲ್ಲಿ ಸತ್ಯಾಂಶವಿದೆ, ಆದರೆ ಅದರ ಹೊಣೆಯನ್ನು ಆಕಾಶದ ಮೇಲೆ ಹೊರಿಸಲಾಗಿದೆ. ಹದಿನೆಂಟರ ಹುಡುಗನಿಗೋ ಹುಡುಗಿಗೋ ಮಳೆಗೆ ಹೊಂದಿಕೊಳ್ಳುವುದು ದೊಡ್ಡ ಮಾತಲ್ಲ. ಮಳೆಯೂರಿನಲ್ಲೇ ನೆಲೆಸಿದ್ದೂ ಮಳೆಗೆ ಸಿದ್ಧವಾಗದ ಕಾಲೇಜಿಗೆ, ಹಾಸ್ಟೆಲಿಗೆ ಹೊಂದಿಕೊಳ್ಳುವುದು ಮಾತ್ರ ನಿಜಕ್ಕೂ ಕಷ್ಟ. ಈ ಎರಡನ್ನು ಬೇರೆಬೇರೆಯಾಗಿ ನೋಡದಿರುವುದೇ ಈ ಅಭಿಪ್ರಾಯದ ಮೂಲ ದೋಷ.

ಮೊದಲು ಮಳೆಯ ಲೆಕ್ಕ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆಯಾಗುತ್ತದೆ. ಮಡಿಕೇರಿಯಲ್ಲಿ 3,000 ದಾಟುತ್ತದೆ, ಆಗುಂಬೆಯಲ್ಲಿ 7,000 ಮೀರುತ್ತದೆ. ವಿಜಯಪುರದ ಸರಾಸರಿ 600ರ ಸುತ್ತಮುತ್ತ. ಐದಾರು ಪಟ್ಟು ಅಂತರ ಕಂಡವರಿಗೆ ಅಲ್ಲಿ ಬದುಕೇ ಒದ್ದೆಯಾಗಿರಬೇಕು ಎನ್ನಿಸುವುದು ಸಹಜ. ಆದರೆ ಕರಾವಳಿಯ ಮಳೆ ವರ್ಷವಿಡೀ ಹಂಚಿಹೋಗಿಲ್ಲ. ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಂಗಳೂರಿನಲ್ಲಿ ಹನಿ ಬೀಳುವುದೇ ಅಪರೂಪ. ಆ ನಾಲ್ಕು ತಿಂಗಳಲ್ಲೂ ಮಳೆ ಒಂದೇ ಸಮನೆ ಹೊಯ್ಯುವುದಿಲ್ಲ. ಮುಂಗಾರಿಗೆ ಚುರುಕಾಗುವ ದಿನಗಳೂ ಇವೆ, ವಿರಾಮದ ದಿನಗಳೂ ಇವೆ. ಪುನರ್ವಸು, ಪುಷ್ಯ ಮಳೆಗಳು ಜಡಿದ ಮೇಲೆ ವಾರಗಟ್ಟಲೆ ಹೊಳವಾಗಿ ಬಿಸಿಲು ಬೀಳುವುದು ಅಲ್ಲಿಯವರಿಗೆ ಮಾಮೂಲು. ಕಾಲೇಜಿನ ಕ್ಯಾಲೆಂಡರನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಇತ್ತೀಚಿನ ವರ್ಷಗಳಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಕೋರ್ಸುಗಳ ಮೊದಲ ವರ್ಷದ ತರಗತಿ ಆರಂಭವಾಗುವುದೇ ಆಗಸ್ಟಿನಲ್ಲೋ ಅದಕ್ಕೂ ತಡವಾಗಿಯೋ. ಹೊಸ ವಿದ್ಯಾರ್ಥಿ ಗಂಟುಮೂಟೆ ಕಟ್ಟಿಕೊಂಡು ಬಂದಿಳಿಯುವ ಹೊತ್ತಿಗೆ ಮಳೆಗಾಲದ ಅರ್ಧಕ್ಕೂ ಹೆಚ್ಚು ಪಾಲು ಕಳೆದಿರುತ್ತದೆ. ಮುಂದೆ ಎಂಟು ತಿಂಗಳು ಬಿಸಿಲು ಕಂಡ ಮೇಲೆಯೇ ಅವನಿಗೆ ಮೊದಲ ಪೂರ್ಣ ಮುಂಗಾರು ಎದುರಾಗುತ್ತದೆ. ಅಷ್ಟರಲ್ಲಿ ಊರು ಪರಿಚಯವಾಗಿರುತ್ತದೆ, ಗೆಳೆಯರಿರುತ್ತಾರೆ, ಯಾವ ಅಂಗಡಿಯಲ್ಲಿ ಒಳ್ಳೆಯ ಕೊಡೆ ಸಿಗುತ್ತದೆ ಎಂಬುದೂ ಗೊತ್ತಿರುತ್ತದೆ.

ಇನ್ನು ಮನಸ್ಸು ಕುಗ್ಗುತ್ತದೆ ಎಂಬ ವಾದ. ಮೂರರಲ್ಲಿ ವಿಜ್ಞಾನದ ವೇಷ ತೊಟ್ಟಿರುವುದು ಇದೊಂದೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಋತುಮಾನದ ಖಿನ್ನತೆ ಎಂಬುದು ಕಲ್ಪನೆಯಲ್ಲ. ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ 29 ರೋಗಿಗಳನ್ನು ಆಧರಿಸಿ ಇದನ್ನು ವೈದ್ಯಕೀಯವಾಗಿ ವರ್ಣಿಸಿದರು. ಪ್ರತಿ ವರ್ಷ ಶರತ್ಕಾಲ ಮುಗಿದು ಚಳಿಗಾಲ ಕಾಲಿಡುವಾಗ ಈ ರೋಗಿಗಳಿಗೆ ಆಯಾಸ, ಅತಿನಿದ್ರೆ, ಸಿಹಿಯ ಹಂಬಲ, ಖಿನ್ನತೆ ಕಾಣಿಸಿಕೊಳ್ಳುತ್ತಿತ್ತು. ವಸಂತ ಬಂದಂತೆ ತಾನಾಗಿ ಇಳಿಯುತ್ತಿತ್ತು. ಇದರ ಕಾರಣವಾಗಿ ವಿಜ್ಞಾನಿಗಳು ಮುಖ್ಯವಾಗಿ ಗುರುತಿಸಿದ್ದು ಹಗಲಿನ ಉದ್ದವನ್ನು. ಬೆಳಗಿನ ಬೆಳಕು ತಡವಾಗಿ ಬಂದು, ಸಂಜೆ ಬೇಗ ಆರಿದಾಗ ದೇಹದ ಒಳಗಡಿಯಾರ ಹಳಿ ತಪ್ಪುತ್ತದೆ. ಚಿಕಿತ್ಸೆಯೂ ಅದಕ್ಕೆ ತಕ್ಕಂತೆಯೇ ಬಂತು: ಬೆಳಗ್ಗೆ 10,000 ಲಕ್ಸ್ ಪ್ರಖರತೆಯ ದೀಪದ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳುವುದು.

ಈಗ ಮಂಗಳೂರಿಗೆ ಬರೋಣ. ಅದು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ತಿಂಗಳಲ್ಲಿ, ಅಂದರೆ ಮುಂಗಾರು ಮೋಡ ದಟ್ಟವಾಗುವಾಗ, ಅಲ್ಲಿನ ಹಗಲು 12 ಗಂಟೆ 50 ನಿಮಿಷದಷ್ಟು. ವರ್ಷದಲ್ಲೇ ಅತಿ ಉದ್ದದ ಹಗಲುಗಳವು. ಮೋಡ ಕವಿಯುವ ಕಾಲ ಮತ್ತು ಹಗಲು ಕುಗ್ಗುವ ಕಾಲ ನಮ್ಮಲ್ಲಿ ಒಟ್ಟಿಗೆ ಬರುವುದೇ ಇಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ ಅವು ಒಟ್ಟಿಗೆ ಬರುತ್ತವೆ. 47 ಡಿಗ್ರಿ ದಾಟಿದ ಅಕ್ಷಾಂಶದ ಆ ಊರಿನಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟೂವರೆ ಗಂಟೆಯೂ ಇರುವುದಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಅದು ಏಳು ಗಂಟೆಗೆ ಇಳಿಯುತ್ತದೆ, ಅದರ ಮೇಲೆ ಮೋಡ ಬೇರೆ. ಮಳೆಗೆ ಹೆಸರಾದ ಸಿಯಾಟಲಿನ ವಾರ್ಷಿಕ ಮಳೆ ಎಷ್ಟು ಎಂದು ನೋಡಿದರೆ ಸುಮಾರು 1,000 ಮಿಲಿಮೀಟರ್. ಹೆಚ್ಚು ಕಡಿಮೆ ಬೆಂಗಳೂರಿನಷ್ಟೇ! ಬೆಂಗಳೂರಿನಲ್ಲಿ ಮಳೆಯಿಂದ ಮಂಕು ಬಡಿಯುತ್ತದೆ ಎಂದು ಯಾವ ತಂದೆಯೂ ಮಗಳನ್ನು ಅಲ್ಲಿಗೆ ಕಳಿಸದೆ ಉಳಿದಿಲ್ಲ. ಸಿಯಾಟಲಿನ ಚಳಿಗಾಲವನ್ನು ಭಾರವಾಗಿಸುವುದು ಅಲ್ಲಿನ ಬೆಳಕಿನ ಕೊರತೆ. ಆ ಕೊರತೆಯ ಬಗ್ಗೆ ಬರೆದದ್ದನ್ನು ಎತ್ತಿ ತಂದು ಉಡುಪಿಯ ಜುಲೈಗೆ ಅಂಟಿಸಿದರೆ ಅದು ಭೂಗೋಳದ ತಪ್ಪು.

ಮೋಡದ ಬೆಳಕನ್ನು ಕೀಳಾಗಿ ಅಂದಾಜು ಮಾಡುವುದೂ ಒಂದು ಅಭ್ಯಾಸವಾಗಿದೆ. ಒಂದು ಟ್ಯೂಬ್‌ಲೈಟ್ ಉರಿಯುವ ಹಾಸ್ಟೆಲ್ ಕೋಣೆಯಲ್ಲಿ ಸಿಗುವುದು ಕೆಲವು ನೂರು ಲಕ್ಸ್ ಬೆಳಕು. ಮೋಡ ಮುಚ್ಚಿದ ಮಧ್ಯಾಹ್ನವೂ ಬಯಲಿನಲ್ಲಿ ಹಲವು ಸಾವಿರ ಲಕ್ಸ್ ಇರುತ್ತದೆ. ಹಾಗಾಗಿ ಕೋಣೆಯ ಕಿಟಕಿ ಚಿಕ್ಕದಾಗಿ, ಪರದೆ ಎಳೆದು, ಹಗಲಿಡೀ ಹಾಸಿಗೆಯ ಮೇಲೆ ಫೋನ್ ಹಿಡಿದು ಬಿದ್ದುಕೊಂಡವನಿಗೆ ಬೇಸರ ಹತ್ತಿದರೆ ಅದಕ್ಕೆ ಮೋಡ ಹೊಣೆಯಲ್ಲ. ಅವನು ಅದೇ ರೀತಿ ಕಲಬುರಗಿಯ ಮೇ ತಿಂಗಳಲ್ಲಿ ಬಾಗಿಲು ಹಾಕಿಕೊಂಡು ಕೂತರೂ ಅಷ್ಟೇ ಬೇಸರ ಹತ್ತುತ್ತದೆ. ಮಳೆಗಾಲದಲ್ಲಿ ಯಾರಿಗೂ ಖಿನ್ನತೆ ಬರುವುದಿಲ್ಲ ಎಂದು ಇದರರ್ಥವಲ್ಲ. ಖಿನ್ನತೆ ಎಲ್ಲ ಋತುಗಳಲ್ಲೂ ಬರುವ ಕಾಯಿಲೆ, ಅದಕ್ಕೆ ವೈದ್ಯರ ನೆರವು ಬೇಕು. ಅದನ್ನು ಮಳೆಯ ಲೆಕ್ಕಕ್ಕೆ ಬರೆದು, ರಜೆಗೆ ಊರಿಗೆ ಬಂದರೆ ಸರಿಹೋಗುತ್ತದೆ ಎಂದು ಮುಂದೂಡುವುದೇ ಹೆಚ್ಚು ಅಪಾಯಕಾರಿ.

ಹವೆಗೂ ಬದುಕಿನ ನೆಮ್ಮದಿಗೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳ ನಡುವೆಯೇ ಅಳೆದು ನೋಡಿದವರಿದ್ದಾರೆ. ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನಮನ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಚಳಿ, ಮೋಡಗಳ ಮಧ್ಯಪಶ್ಚಿಮ ಅಮೆರಿಕದಲ್ಲೂ ಬಿಸಿಲಿನ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲೂ ಓದುತ್ತಿದ್ದ ಸುಮಾರು ಎರಡು ಸಾವಿರ ವಿದ್ಯಾರ್ಥಿಗಳನ್ನು ಅವರು ಮಾತನಾಡಿಸಿದರು. ಕೆಲವರಿಗೆ ತಮ್ಮ ಬದುಕು ಎಷ್ಟು ತೃಪ್ತಿಕರ ಎಂದು ಕೇಳಿದರು. ಉಳಿದವರಿಗೆ, ತಮ್ಮಂಥದೇ ಒಬ್ಬ ವಿದ್ಯಾರ್ಥಿ ಇಲ್ಲಿ ಅಥವಾ ಆ ಇನ್ನೊಂದು ಪ್ರದೇಶದಲ್ಲಿದ್ದರೆ ಎಷ್ಟು ತೃಪ್ತನಾಗಿರುತ್ತಾನೆ ಎಂದು ಊಹಿಸಲು ಹೇಳಿದರು. ಊಹಿಸಿದವರೆಲ್ಲ ಬಿಸಿಲೂರಿನವನೇ ಹೆಚ್ಚು ಸುಖಿ ಎಂದರು. ಆದರೆ ತಮ್ಮ ಬದುಕಿನ ಬಗ್ಗೆ ಹೇಳಿದವರಲ್ಲಿ ಎರಡೂ ಕಡೆಯವರ ತೃಪ್ತಿ ಸಮಸಮ. ಹೊರಗಿನಿಂದ ನೋಡುವವರು ಎರಡು ಊರುಗಳ ನಡುವೆ ಎದ್ದು ಕಾಣುವ ವ್ಯತ್ಯಾಸಕ್ಕೆ ಕಣ್ಣು ನೆಡುತ್ತಾರೆ, ಅದಕ್ಕೆ ಇಲ್ಲದ ತೂಕ ಕೊಡುತ್ತಾರೆ. ಒಳಗೆ ಬದುಕುವವರ ದಿನ ತುಂಬುವುದು ಪಾಠ, ಗೆಳೆತನ, ಊಟ, ಹಣಕಾಸು, ಪ್ರೇಮ, ಪರೀಕ್ಷೆಗಳಿಂದ. ಈ ಅಧ್ಯಯನ ನಡೆದದ್ದು ಮುಂಗಾರಿನ ನಾಡಿನಲ್ಲಲ್ಲ, ನಿಜ. ಆದರೆ ಅದು ತೋರಿಸಿಕೊಟ್ಟ ತಪ್ಪು ಯಾವುದೋ, ಆಪ್ಷನ್ ಪಟ್ಟಿ ಮಾಡುವ ಮನೆಗಳಲ್ಲಿ ನಡೆಯುವುದೂ ಅದೇ. ಮಂಗಳೂರಿನ ಕಾಲೇಜನ್ನು ಊಹಿಸುವ ಚಿತ್ರದುರ್ಗದ ತಂದೆಗೆ ಕಾಣುವುದು ಮಳೆಯೊಂದೇ.

ಯೂರಿ ಸೈಮನ್ಸನ್ 2010ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಕಾಲೇಜಿನ ಆಯ್ಕೆಗೇ ನೇರವಾಗಿ ಸಂಬಂಧಿಸಿದ್ದು. ಓದಿಗೆ ಹೆಸರಾದ, ಮೋಜಿಗೆ ಹೆಸರಿಲ್ಲದ ಒಂದು ಅಮೆರಿಕನ್ ವಿಶ್ವವಿದ್ಯಾಲಯವನ್ನು ಸೇರುವ ಮುನ್ನ ನೋಡಲು ಬಂದ 1,284 ವಿದ್ಯಾರ್ಥಿಗಳ ತೀರ್ಮಾನಗಳನ್ನು ಅವರು ಪರಿಶೀಲಿಸಿದರು. ಭೇಟಿಯ ದಿನ ಮೋಡ ಹೆಚ್ಚಿದ್ದಷ್ಟೂ ಅಲ್ಲಿಗೆ ಸೇರುವ ಸಾಧ್ಯತೆ ಗಮನಾರ್ಹವಾಗಿ ಹೆಚ್ಚಿತ್ತು. ಮೋಡದ ದಿನ ಓದಿನ ಕೆಲಸ ಹೆಚ್ಚು ಹಿತವಾಗಿ ಕಾಣುತ್ತದೆ ಎಂಬುದು ಅವರ ವಿವರಣೆ. ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಒಂದು, ಮೋಡ ಓದಿನ ಶತ್ರು ಎಂಬ ಮಾತು ಎಲ್ಲರ ಅನುಭವವಲ್ಲ. ಇನ್ನೊಂದು ಅದಕ್ಕಿಂತ ಮುಖ್ಯ: ನಾಲ್ಕು ವರ್ಷದ ತೀರ್ಮಾನವನ್ನು ಒಂದು ದಿನದ ಆಕಾಶ ಅಲುಗಾಡಿಸಬಲ್ಲದು. ಅಲ್ಲಿ ಮೋಡ ವಿದ್ಯಾರ್ಥಿಗಳನ್ನು ಕಾಲೇಜಿನ ಕಡೆ ತಳ್ಳಿತು, ಇಲ್ಲಿ ಜುಲೈ ತಿಂಗಳ ಟಿ.ವಿ. ದೃಶ್ಯ ಕಾಲೇಜಿನಿಂದ ದೂರ ತಳ್ಳುತ್ತಿದೆ. ಎರಡೂ ಕಡೆ ಕಾಲೇಜಿನ ಗುಣಕ್ಕೂ ತೀರ್ಮಾನಕ್ಕೂ ಸಂಬಂಧವಿಲ್ಲ.

ಮಳೆಯಲ್ಲಿ ಓದು ಹತ್ತುವುದಿಲ್ಲ ಎಂಬ ಎರಡನೆಯ ವಾದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಮೊದಲ ಸ್ಥಾನ, ಉಡುಪಿ ಎರಡನೆಯ ಸ್ಥಾನ ಪಡೆದವು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಿಲ್ಲೆಗಳ ಸಾಲಿನವು ಇವು. ಮಳೆಯಿಂದಲೇ ಈ ಫಲಿತಾಂಶ ಬಂತು ಎಂದು ಹೇಳುವುದು ಮೂರ್ಖತನ. ಶತಮಾನದ ಹಿಂದೆಯೇ ಬೇರು ಬಿಟ್ಟ ಶಾಲೆಗಳು, ಹೆಣ್ಣುಮಕ್ಕಳ ಓದಿಗೆ ಬೇಗ ಸಿಕ್ಕ ಒತ್ತಾಸೆ, ಶಿಕ್ಷಕರ ಲಭ್ಯತೆ ಇವೇ ಅದಕ್ಕೆ ಕಾರಣ. ಆದರೆ ಪ್ರತಿ ವರ್ಷ ನಾಲ್ಕು ತಿಂಗಳ ಮೋಡ ಆ ಮಕ್ಕಳ ಓದನ್ನು ಕೆಡಿಸಲಿಲ್ಲ ಎಂಬುದಂತೂ ಇದರಿಂದ ಸ್ಪಷ್ಟ. ಸ್ಥಳೀಯ ಮಕ್ಕಳಿಗೆ ರೂಢಿಯಿದೆ, ಹೊರಗಿನವರಿಗೆ ಇಲ್ಲ ಎಂದು ಇದಕ್ಕೆ ಆಕ್ಷೇಪ ಎತ್ತುವವರಿದ್ದಾರೆ. ಅವರಿಗೆ ಕರಾವಳಿಯ ಕಾಲೇಜುಗಳ ಇತಿಹಾಸವೇ ಉತ್ತರ. ಸಂತ ಅಲೋಶಿಯಸ್ ಕಾಲೇಜು 1880ರಿಂದ ಮಂಗಳೂರಿನಲ್ಲಿದೆ. ಬೋಳು ಗುಡ್ಡವಾಗಿದ್ದ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದರು. ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಶುರುವಾಗಿ, 2002ರಲ್ಲಿ ಎನ್‌ಐಟಿಯಾಯಿತು. ಮಣಿಪಾಲ, ಸುರತ್ಕಲ್‌ಗಳಿಗೆ ದಶಕಗಳಿಂದ ರಾಜಸ್ಥಾನದಿಂದ, ದೆಹಲಿಯಿಂದ, ಆಂಧ್ರದ ಒಣನೆಲದಿಂದ ವಿದ್ಯಾರ್ಥಿಗಳು ಬರುತ್ತಿದ್ದಾರೆ. ಮಳೆಗಂಜಿ ಅವರು ಬರದೆ ಉಳಿದಿದ್ದರೆ ಈ ಸಂಸ್ಥೆಗಳು ಇಂದಿನ ಹೆಸರು ಪಡೆಯುತ್ತಲೇ ಇರಲಿಲ್ಲ.

ಹವೆ ಓದಿನ ಮೇಲೆ ಪರಿಣಾಮ ಬೀರುವುದೇ ಇಲ್ಲವೇ? ಬೀರುತ್ತದೆ, ಆದರೆ ಜನ ಹೆದರುವ ದಿಕ್ಕಿನಿಂದಲ್ಲ. ಜಿಸಂಗ್ ಪಾರ್ಕ್ ಮತ್ತು ಸಂಗಡಿಗರು ಅಮೆರಿಕದ ಒಂದು ಕೋಟಿಯಷ್ಟು ಪ್ರೌಢಶಾಲಾ ವಿದ್ಯಾರ್ಥಿಗಳ ಅಂಕಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎ.ಸಿ. ಇಲ್ಲದ ಶಾಲೆಗಳಲ್ಲಿ ಶಾಲಾವರ್ಷದ ಸರಾಸರಿ ತಾಪ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಕಲಿಕೆ ಶೇ 1ರಷ್ಟು ಕುಗ್ಗುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್, ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಂಗಳೂರಿನ ಜುಲೈ ಮಧ್ಯಾಹ್ನ 28–29 ಡಿಗ್ರಿ. ಬಿಸಿಲಿಗೆ ಹೆದರಿ ಕಾಲೇಜು ಬಿಟ್ಟವರನ್ನು ಯಾರೂ ಕಂಡಿಲ್ಲ, ಮಳೆಗೆ ಹೆದರಿ ಬಿಟ್ಟವರು ಪ್ರತಿ ವರ್ಷವೂ ಇದ್ದಾರೆ. ಹವೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು ಎನ್ನುವವರು ಸೆಕೆಯಿಂದ ಲೆಕ್ಕ ಶುರು ಮಾಡಲಿ. ಕರಾವಳಿಯಲ್ಲೂ ಹೊರಗಿನಿಂದ ಬಂದವರನ್ನು ನಿಜವಾಗಿ ಹಣ್ಣು ಮಾಡುವುದು ಮಾರ್ಚ್‌ನಿಂದ ಮೇವರೆಗಿನ ಬೆವರು. ಅದರ ಬಗ್ಗೆ ಆಪ್ಷನ್ ಎಂಟ್ರಿಯ ಹೊತ್ತಿಗೆ ಯಾರೂ ಎಚ್ಚರಿಸುವುದಿಲ್ಲ.

ಕೆಲವು ವಿಷಯಗಳಿಗಂತೂ ಮಳೆಯೇ ಪಾಠಶಾಲೆ. ಅರಣ್ಯಶಾಸ್ತ್ರದ ಕಾಲೇಜುಗಳು ಶಿರಸಿಯಲ್ಲೂ ಕೊಡಗಿನ ಪೊನ್ನಂಪೇಟೆಯಲ್ಲೂ ಇರುವುದಕ್ಕೆ, ಮೀನುಗಾರಿಕೆ ಕಾಲೇಜು 1969ರಿಂದ ಮಂಗಳೂರಿನಲ್ಲಿರುವುದಕ್ಕೆ ಅರ್ಥವಿದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿದ್ದು ಮಲೆನಾಡಿನ ಮಳೆ ತೋಟಗಳಲ್ಲಿ. ಆ ರೋಗ ಹಬ್ಬುವುದೇ ಜಡಿಮಳೆಯಲ್ಲಿ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಕಂಡುಬಂದು, ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದ ಕುಂಬಾರ ಕಪ್ಪೆಯ ಗಂಡು ತನ್ನ ಮೊಟ್ಟೆಗಳ ಮೇಲೆ ಮಣ್ಣು ಮೆತ್ತುತ್ತದೆ. ಅದು ಕಾಣಸಿಗುವುದು ಮಳೆಗಾಲದ ರಾತ್ರಿಯಲ್ಲಿ, ಒದ್ದೆಯಾಗಲು ತಯಾರಿರುವವರಿಗೆ. ಜೀವಶಾಸ್ತ್ರ ಓದಬೇಕೆನ್ನುವ ಮಗುವನ್ನು ಮಳೆಯೂರಿಗೆ ಕಳಿಸಲು ಹಿಂಜರಿಯುವುದು ಆ ಮಗುವಿಗೆ ಮಾಡುವ ಅನ್ಯಾಯ.

ಆರೋಗ್ಯ, ಸುರಕ್ಷತೆಗಳ ವಾದವನ್ನು ಹೀಗೆ ತಳ್ಳಿಹಾಕಲಾಗದು. ಇಲಿಯ ಮೂತ್ರ ಸೇರಿದ ನಿಂತ ನೀರಿನಲ್ಲಿ ಗಾಯದ ಕಾಲು ಇಟ್ಟರೆ ಇಲಿಜ್ವರ ತಗಲಬಹುದು. ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಬಹುಕಾಲ ಮಂಗಳೂರಿನದೇ ಆಗಿತ್ತು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದವು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದು ಜೀವಗಳು ಹೋದವು. ಶಿರಾಡಿ, ಚಾರ್ಮಾಡಿ ಘಾಟಿಗಳು ಮಳೆಗಾಲದಲ್ಲಿ ಬಂದ್ ಆಗುವುದುಂಟು. ಮುಂಗಾರಿನ ಸಮುದ್ರಕ್ಕಿಳಿದು ಸಾಯುವವರಲ್ಲಿ ಹೊರಗಿನಿಂದ ಬಂದ ವಿದ್ಯಾರ್ಥಿಗಳೂ ಇರುತ್ತಾರೆ. ಇದೆಲ್ಲ ನಿಜ.

ಆದರೆ ಮಳೆಗಾಲದ ಅಪಾಯಗಳು ಮಳೆಯೂರೊಂದರದೇ ಸ್ವತ್ತಲ್ಲ. 2024ರಲ್ಲಿ ರಾಜ್ಯದಲ್ಲಿ ಡೆಂಗಿ ಹಬ್ಬಿದಾಗ ಅತಿ ಹೆಚ್ಚು ಪ್ರಕರಣಗಳು ಕಂಡದ್ದು ಬೆಂಗಳೂರಿನಲ್ಲಿ. 2009ರ ಅಕ್ಟೋಬರ್ ಆರಂಭದ ಮಹಾನೆರೆಗೆ ಸಿಕ್ಕಿದ್ದು ಬಾಗಲಕೋಟೆ, ವಿಜಯಪುರ, ರಾಯಚೂರುಗಳಂಥ ಒಣ ಜಿಲ್ಲೆಗಳು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಐಷಾರಾಮಿ ಬಡಾವಣೆಗಳ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಮೇಲಾಗಿ ಕರಾವಳಿಯ ಆಡಳಿತಕ್ಕೂ ಜನರಿಗೂ ಭಾರೀ ಮಳೆ ಹೊಸದಲ್ಲ. ಹವಾಮಾನ ಇಲಾಖೆ 24 ಗಂಟೆಯಲ್ಲಿ 204.5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಮಳೆಯ ನಿರೀಕ್ಷೆಯಿದ್ದಾಗ ಕೆಂಪು ಎಚ್ಚರಿಕೆ ಕೊಡುತ್ತದೆ, ರಜೆ ಘೋಷಣೆಯಾಗುತ್ತದೆ. ತಪ್ಪಿದ ಪಾಠಗಳನ್ನು ಶನಿವಾರಗಳಲ್ಲಿ ತುಂಬಿಸಿಕೊಳ್ಳುವ ರೂಢಿಯೂ ಇದೆ. ವಿದ್ಯಾರ್ಥಿ ಪಾಲಿಸಬೇಕಾದ ನಿಯಮಗಳು ನಾಲ್ಕಾರು: ಕೆಂಪು ಎಚ್ಚರಿಕೆಯಿರುವಾಗ ಘಾಟಿಯ ರಾತ್ರಿ ಬಸ್ಸು ಹತ್ತಬಾರದು, ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯಬಾರದು, ಸೊಳ್ಳೆಪರದೆ ಕಟ್ಟಬೇಕು, ಗಾಯವಿರುವ ಕಾಲಲ್ಲಿ ನೀರು ತುಳಿಯಬಾರದು, ಎರಡು ದಿನ ಬಿಡದ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು.

ಉಳಿದ ಕಷ್ಟಗಳಲ್ಲಿ ಹೆಚ್ಚಿನವು ಕಟ್ಟಡದವು. ಜುಲೈ ತಿಂಗಳ ಒಂದು ಹಾಸ್ಟೆಲ್ ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಕಿಟಕಿಯಿಂದ ಬಾಗಿಲ ಚಿಲಕಕ್ಕೆ ಕಟ್ಟಿದ ಹಗ್ಗದ ಮೇಲೆ ಮೂರು ದಿನದ ಹಿಂದೆ ಒಗೆದ ಜೀನ್ಸ್ ಇನ್ನೂ ತೊಟ್ಟಿಕ್ಕುತ್ತಿದೆ, ಅದರ ಸೊಂಟದ ಮಡಿಕೆಯಲ್ಲಿ ಮುಗ್ಗಲು ವಾಸನೆ. ಕೆಳಗೆ ತೊಟ್ಟ ನೀರನ್ನು ಹೀರಲು ಹಾಸಿದ ಹಳೆಯ ಪತ್ರಿಕೆ ನೆಲಕ್ಕೇ ಅಂಟಿಕೊಂಡಿದೆ. ಮಂಚದಡಿಯ ಚರ್ಮದ ಬೂಟಿನ ಮೇಲೆ ಹಸಿರು ಬೂಷ್ಟು. ಗೋಡೆಗೆ ತಾಗಿಸಿಟ್ಟ ರೆಕಾರ್ಡ್ ಪುಸ್ತಕದ ರಟ್ಟು ಉಬ್ಬಿ ಬಾಗಿದೆ. ಸ್ವಿಚ್ ಮುಟ್ಟಿದರೆ ಬೆರಳಿಗೆ ಸಣ್ಣಗೆ ಜುಮ್ಮೆನ್ನುತ್ತದೆ. ಈ ಕೋಣೆಯಲ್ಲಿ ಇದ್ದವನು ಊರಿಗೆ ಫೋನ್ ಮಾಡಿ ಮಳೆ ಸಾಕಾಯಿತು ಎನ್ನುತ್ತಾನೆ. ಅವನಿಗೆ ಸಾಕಾದದ್ದು ಬಟ್ಟೆ ಒಣಗಿಸಲು ಜಾಗ ಕೊಡದ, ತಾರಸಿ ಸೋರುವುದನ್ನು ಸರಿಪಡಿಸದ, ಅರ್ಥಿಂಗ್ ನೋಡದ ಹಾಸ್ಟೆಲ್. ಇದೇ ಊರಿನ ಮನೆಗಳಲ್ಲಿ ತಾರಸಿಯ ಮೇಲೆ ತಗಡಿನ ಮಾಡು ಹಾಕಿ, ನಾಲ್ಕೂ ಕಡೆ ಗಾಳಿಯಾಡಲು ಬಿಟ್ಟು, ಉದ್ದಕ್ಕೆ ಹಗ್ಗ ಕಟ್ಟಿರುತ್ತಾರೆ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಆ ಕೆಲಸ ಮಾಡುತ್ತಿತ್ತು. ಮಳೆ ನಾಡಿನವರು ತಲೆಮಾರುಗಳಿಂದ ಬಲ್ಲ ಈ ಏರ್ಪಾಟನ್ನು ಮುನ್ನೂರು ಜನರ ಹಾಸ್ಟೆಲ್ ಕಟ್ಟಿದವರು ಯೋಚಿಸದಿದ್ದರೆ ಆ ಊರಿನ ಮಳೆಯನ್ನು ದೂರಿ ಫಲವಿಲ್ಲ.

ತರಗತಿಗಳದೂ ಇದೇ ಕಥೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಹಳೆಯ ಶಾಲೆ, ಕಾಲೇಜುಗಳಿಗೆ ಕಡಿದಾದ ಇಳಿಜಾರಿನ ಹೆಂಚಿನ ಮಾಡು, ಮುಂದಕ್ಕೆ ಚಾಚಿದ ಸೂರು, ಅಗಲವಾದ ಜಗಲಿ ಬಂದವು. ಎರಚಲು ಕಿಟಕಿಗೆ ತಾಗದಷ್ಟು ಸೂರು ಚಾಚಿರುವುದರಿಂದ ಮಳೆ ಸುರಿಯುವಾಗಲೂ ಕಿಟಕಿ ತೆರೆದಿಡಬಹುದು. ಈಚಿನ ಕಟ್ಟಡಗಳಲ್ಲಿ ಸಮತಟ್ಟು ಕಾಂಕ್ರೀಟ್ ತಾರಸಿ, ಸೂರೇ ಇಲ್ಲದ ಗಾಜಿನ ಗೋಡೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬಯಲಲ್ಲಿ ಓಡಬೇಕು. ಕೆಲವೆಡೆ ಖರ್ಚು ಉಳಿಸಲು ಮೇಲಂತಸ್ತಿನ ತರಗತಿಗಳಿಗೆ ಬರೀ ತಗಡು ಹೊದಿಸಿರುತ್ತಾರೆ. ಜೋರು ಮಳೆ ಬಂದಾಗ ತಗಡಿನ ಸದ್ದಿಗೆ ಪಾಠ ನಾಲ್ಕನೆಯ ಬೆಂಚಿನ ಹಿಂದೆ ಕೇಳಿಸುವುದಿಲ್ಲ. ಅಧ್ಯಾಪಕರು ಬೋರ್ಡಿನ ಮೇಲೆ ಬರೆಯುತ್ತಾರೆ, ಹುಡುಗರು ನಕಲು ಮಾಡಿಕೊಳ್ಳುತ್ತಾರೆ, ವಿವರಣೆ ಯಾರಿಗೂ ಸಿಗುವುದಿಲ್ಲ. ಹೀಗೆ ಗಂಟೆಗಟ್ಟಲೆ ಪಾಠ ಹಾಳಾಗುವುದನ್ನು ಸಹಿಸಿಕೊಂಡ ಆಡಳಿತ ಮಂಡಳಿ ಹೊಸ ವಿದ್ಯಾರ್ಥಿಗಳಿಗೆ ಇಲ್ಲಿ ಮಳೆ ಜಾಸ್ತಿ, ಹೊಂದಿಕೊಳ್ಳಿ ಎಂದು ಉಪದೇಶ ಮಾಡುವುದು ಅಕ್ಷಮ್ಯ. ಅಂಥ ಕಾಲೇಜನ್ನು ಖಂಡಿತ ಬಿಡಬೇಕು. ಬಿಡಲು ಕಾರಣ ಅದರ ನಿರ್ಲಕ್ಷ್ಯ.

ಮಳೆಯ ತಲೆಗೆ ಕಟ್ಟುವ ಇನ್ನೊಂದು ಸಂಗತಿ ಮನೆಯ ನೆನಪು. ಮೊದಲ ಬಾರಿಗೆ ಮನೆ ಬಿಟ್ಟ ಮಗು ಬಂದಿಳಿಯುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಸುತ್ತ ತುಳು, ಕೊಂಕಣಿ, ಬ್ಯಾರಿ ಮಾತು. ಮೆಸ್ಸಿನಲ್ಲಿ ಜೋಳದ ರೊಟ್ಟಿಯಿಲ್ಲ, ಕುಚ್ಚಲಕ್ಕಿ ಅನ್ನ, ಕೊಬ್ಬರಿ ಎಣ್ಣೆಯ ವಾಸನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ತರಗತಿಯ ಇಂಗ್ಲಿಷ್ ತಲೆಗೆ ಹೋಗುವುದಿಲ್ಲ, ಮೊದಲ ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ. ಇಷ್ಟೆಲ್ಲ ಒಟ್ಟಿಗೆ ಮೇಲೆರಗುವಾಗ ಹೊರಗೆ ಜಿಟಿಜಿಟಿ ಮಳೆ. ಫೋನಿನಲ್ಲಿ ಅಮ್ಮನಿಗೆ ಇಂಗ್ಲಿಷ್ ಅರ್ಥವಾಗುತ್ತಿಲ್ಲ ಎನ್ನಲು ಸಂಕೋಚ, ಮಳೆ ಎನ್ನಲು ಸುಲಭ. ಮನೆಯವರು ಅದನ್ನೇ ನಂಬಿ, ಕಾಲೇಜು ಬದಲಿಸುವ ಮಾತಾಡುತ್ತಾರೆ. ಊರು ಬದಲಾದರೆ ಮಳೆ ನಿಲ್ಲುತ್ತದೆ, ಇಂಗ್ಲಿಷಿನ ಕಷ್ಟ ಹಾಗೆಯೇ ಉಳಿಯುತ್ತದೆ. ಇಂಥ ಹೊತ್ತಿನಲ್ಲಿ ಬೇಕಾದದ್ದು ಒಬ್ಬ ಹಿರಿಯ ವಿದ್ಯಾರ್ಥಿಯ ಒಡನಾಟ, ಪಾಠ ಬಿಡಿಸಿ ಹೇಳುವ ಅಧ್ಯಾಪಕ, ತಿಂಗಳಿಗೊಮ್ಮೆ ಮನೆಯವರ ಭೇಟಿ.

ಮಳೆಗೆ ಹೊಂದಿಕೊಳ್ಳುವ ಕೆಲಸ ಇದಕ್ಕೆ ಹೋಲಿಸಿದರೆ ಅಲ್ಪ. ಜೀನ್ಸ್ ಬದಲು ಬೇಗ ಒಣಗುವ ತೆಳು ಬಟ್ಟೆ, ಚರ್ಮದ ಬೂಟಿನ ಬದಲು ರಬ್ಬರ್ ಚಪ್ಪಲಿ, ಕೊಡೆಯ ಜೊತೆಗೆ ಬೆನ್ನಿನ ಚೀಲವನ್ನೂ ಮುಚ್ಚುವ ರೇನ್‌ಕೋಟು, ಅಂಕಪಟ್ಟಿಗಳಿಗೆ ಪ್ಲಾಸ್ಟಿಕ್ ಲಕೋಟೆ, ಲ್ಯಾಪ್‌ಟಾಪ್ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಹೊಳವಾದಾಗಲೆಲ್ಲ ಹೊರಗೆ ಒಂದು ಸುತ್ತು ಹಾಕುವ ರೂಢಿ, ಮಳೆಯಲ್ಲೂ ಆಡಬಹುದಾದ ಒಂದು ಆಟ. ಇಷ್ಟನ್ನು ಒಂದು ಮಳೆಗಾಲದಲ್ಲಿ ಯಾರಾದರೂ ಕಲಿಯುತ್ತಾರೆ. ವಿದೇಶದ ಉತ್ತರ ಅಕ್ಷಾಂಶಗಳಿಗೆ ಹೋಗುವವರ ಮಾತು ಬೇರೆ. ಸಿಯಾಟಲ್, ವ್ಯಾಂಕೂವರ್, ಗ್ಲಾಸ್ಗೋಗಳಿಗೆ ಹೊರಟ ಕನ್ನಡದ ವಿದ್ಯಾರ್ಥಿಗಳು ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಿರುಹಗಲನ್ನು ಗಂಭೀರವಾಗಿ ಪರಿಗಣಿಸಬೇಕು. ಬೆಳಗಿನ ಹೊತ್ತು ಹೊರಗೆ ಕಳೆಯಬೇಕು, ಮೊದಲೇ ಖಿನ್ನತೆಯ ಚರಿತ್ರೆ ಇದ್ದವರು ಹೋಗುವ ಮುನ್ನವೇ ವೈದ್ಯರನ್ನು ಕಾಣಬೇಕು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಆಪ್ತಸಮಾಲೋಚನೆಯ ಏರ್ಪಾಟು ಹೇಗಿದೆ ಎಂದು ವಿಚಾರಿಸಬೇಕು. ಹಾಗೆ ಸಿದ್ಧರಾಗಿ ಹೋದವರಿಗೆ ಅದೂ ದಾಟಲಾಗದ ಚಳಿಗಾಲವೇನಲ್ಲ.

ಈ ತಪ್ಪು ಅಭಿಪ್ರಾಯದ ಬೆಲೆ ತೆರುವವರು ಯಾರು ಎಂಬುದನ್ನು ಮರೆಯಬಾರದು. ದುಡ್ಡಿದ್ದವರು ಮಳೆಯೂರು ಬಿಟ್ಟು ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುತ್ತಾರೆ. ರ‍್ಯಾಂಕಿನ ಬಲದ ಮೇಲೆ ಕಡಿಮೆ ಶುಲ್ಕದ ಸೀಟು ಗಳಿಸಿದ ರೈತನ ಮಗಳು ಅದನ್ನು ಮಳೆಯ ಮಾತಿಗೆ ಬಿಟ್ಟುಕೊಟ್ಟರೆ ಅವಳಿಗೆ ಅಂಥದು ಮತ್ತೆ ಸಿಗುವ ಖಾತ್ರಿಯಿಲ್ಲ. ಹುಡುಗನಿಗಾದರೆ ನಡೆಯುತ್ತದೆ, ಹುಡುಗಿ ಅಷ್ಟು ಮಳೆಯಲ್ಲಿ ಒಬ್ಬಳೇ ಹೇಗಿದ್ದಾಳು ಎಂಬ ಮಾತು ಇಂಥ ಕಡೆ ಸುಲಭವಾಗಿ ಸೇರಿಕೊಳ್ಳುತ್ತದೆ. ಆಗ ಮಳೆ ಬರೀ ನೆಪ, ತಡೆಯುವ ಕೈ ಮನೆಯದೇ.

ಆಪ್ಷನ್ ಪಟ್ಟಿ ಮಾಡುತ್ತಿರುವ ತಂದೆತಾಯಂದಿರು ಸಾಧ್ಯವಾದರೆ ಜುಲೈನಲ್ಲೇ, ಮಳೆ ಸುರಿಯುತ್ತಿರುವಾಗಲೇ, ಆ ಕಾಲೇಜಿಗೆ ಒಮ್ಮೆ ಹೋಗಿಬರಲಿ. ಅಧ್ಯಾಪಕರೆಷ್ಟು, ಪ್ರಯೋಗಾಲಯ ಹೇಗಿದೆ, ಕಳೆದ ವರ್ಷದ ಫಲಿತಾಂಶವೇನು ಎಂದು ವಿಚಾರಿಸಿದ ಮೇಲೆ ಹಾಸ್ಟೆಲಿನ ವಾರ್ಡನ್‌ರನ್ನು ಕೇಳಲಿ: ಬಟ್ಟೆ ಎಲ್ಲಿ ಒಣಗಿಸುತ್ತಾರೆ, ಕರೆಂಟು ಹೋದರೆ ಏನು ವ್ಯವಸ್ಥೆ, ಜ್ವರ ಬಂದರೆ ಯಾವ ಆಸ್ಪತ್ರೆ, ಕೆಂಪು ಎಚ್ಚರಿಕೆಯ ದಿನ ಮಕ್ಕಳನ್ನು ಹೊರಗೆ ಬಿಡುತ್ತಾರೆಯೇ? ಮೇಲಂತಸ್ತಿನ ತರಗತಿಯ ಕೊನೆಯ ಬೆಂಚಿನಲ್ಲಿ ಐದು ನಿಮಿಷ ಕುಳಿತು ಪಾಠ ಕೇಳಿಸುತ್ತದೆಯೇ ಎಂದು ನೋಡಲಿ. ಉತ್ತರಗಳು ಸರಿಯಿದ್ದರೆ ಆ ಕಾಲೇಜನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಹಾಕಲಿ, ಮಳೆ ಎಷ್ಟೇ ಇರಲಿ.